20 ಲೀಟರ್ ಪೇಂಟ್ ಬಕೆಟ್‌ನಲ್ಲಿ ತರಕಾರಿ: ತೂತು, ಮಣ್ಣು, ನೀರಿನ ಲೆಕ್ಕ ಹೇಳಿ (ತಾರಸಿ ತೋಟದ ಚರ್ಚೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಮೂರನೇ ಮಹಡಿ

ಬೆಂಗಳೂರು, ಮೂರನೇ ಮಹಡಿಯ ಮೇಲಿನ ತಾರಸಿ. ಬೆಳಿಗ್ಗೆ 8ರಿಂದ ಮಧ್ಯಾಹ್ನ 3ರ ತನಕ ಬಿಸಿಲು. 20 ಲೀಟರಿನ ಖಾಲಿ ಪೇಂಟ್ ಬಕೆಟ್ 12 ಇವೆ. ಟೊಮೆಟೊ, ಬದನೆ, ಹಸಿಮೆಣಸಿನಕಾಯಿ, ಬೆಂಡೆ, ಒಂದೆರಡರಲ್ಲಿ ಸೊಪ್ಪು ಹಾಕಬೇಕು. ಬೋರ್‌ವೆಲ್ ನೀರು. ತೂತು ಎಷ್ಟು, ಎಲ್ಲಿ? ತಳಕ್ಕೆ ಜಲ್ಲಿ ಬೇಕೇ? ಮಣ್ಣು ಯಾವ ಅಳತೆಯಲ್ಲಿ ಕಲಸಬೇಕು? ಒಂದು ಬಕೆಟ್‌ಗೆ ಎಷ್ಟು ಗಿಡ? "ಸ್ವಲ್ಪ", "ಬೇಕಾದಷ್ಟು" ಅನ್ನದೆ ಅಳತೆ ಹೇಳಿದರೆ ಉಪಕಾರ.

ಕೆಮ್ಮಣ್ಣು

ಮೊದಲು ಬಕೆಟ್ ನೋಡಿ. ಎಮಲ್ಷನ್, ಡಿಸ್ಟೆಂಪರ್ ಥರ ನೀರಿನಲ್ಲಿ ಕಲಸುವ ಪೇಂಟ್ ಇದ್ದದ್ದಾದರೆ ಅಡ್ಡಿಯಿಲ್ಲ. ಬಿಸಿನೀರು ತುಂಬಿ ಒಂದು ರಾತ್ರಿ ಬಿಟ್ಟರೆ ಒಣಗಿದ ಪದರ ಹಾಳೆಯಂತೆ ಸುಲಿದು ಬರುತ್ತದೆ. ಟರ್ಪೆಂಟೈನ್ ಹಾಕಿ ಕಲಸುವ ಎನಾಮಲ್, ವಾಟರ್‌ಪ್ರೂಫಿಂಗ್ ರಾಸಾಯನಿಕ, ಕೀಟನಾಶಕ ಇದ್ದ ಡಬ್ಬವನ್ನು ಎಷ್ಟು ತೊಳೆದರೂ ತಿನ್ನುವ ಗಿಡಕ್ಕೆ ಬಳಸಬೇಡಿ. ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಎಂಬ ಅಂಕಿ ಇರುವ ಪ್ಲಾಸ್ಟಿಕ್ ಒಳ್ಳೆಯದು.

ತೂತು: 10 ಮಿ.ಮೀ. ಬಿಟ್ ಹಾಕಿದ ಡ್ರಿಲ್, ನಿಧಾನ ವೇಗ. ತಳದಲ್ಲಿ ಅಂಚಿನ ಹತ್ತಿರ 5, ಪಕ್ಕದ ಗೋಡೆಯಲ್ಲಿ ತಳದಿಂದ ಒಂದು ಸೆಂ.ಮೀ. ಮೇಲೆ 3. ನಡುವೆ ಒಂದೇ ದೊಡ್ಡ ತೂತು ಮಾಡಿದರೆ ಅದು ತಾರಸಿಗೆ ಅಂಟಿಕೊಂಡು ಮುಚ್ಚಿಹೋಗುತ್ತದೆ. ಪಕ್ಕದ ಮೂರು ತೂತು ಆಗ ಕೈಹಿಡಿಯುತ್ತವೆ. ಡ್ರಿಲ್ ಇಲ್ಲದಿದ್ದರೆ ಕಾಯಿಸಿದ ಕಬ್ಬಿಣದ ಸರಳು ಸಾಕು, ಆದರೆ ಬಯಲಲ್ಲಿ ಮಾಡಿ, ಹೊಗೆ ಕುಡಿಯಬೇಡಿ. ಸುತ್ತಿಗೆ, ಮೊಳೆ ಹಿಡಿದು ಹೊಡೆದರೆ ಬಕೆಟ್ ಸೀಳುತ್ತದೆ. ಆ ಸೀಳು ಆರು ತಿಂಗಳಲ್ಲಿ ಬಾಯಿವರೆಗೂ ಬಂದಿರುತ್ತದೆ.

ಬಕೆಟ್ ಕೆಳಗೆ ಎರಡು ಇಟ್ಟಿಗೆ ಅಥವಾ ಮೂರು ಟೈಲ್ಸ್ ಚೂರು ಇಡಿ. ನೀರು ಹರಿದುಹೋಗಬೇಕು, ತಾರಸಿಗೆ ಗಾಳಿಯಾಡಬೇಕು.

ಮೂರನೇ ಮಹಡಿ

ಸರ್, ಜಲ್ಲಿ ವಿಷಯ? ನರ್ಸರಿಯವರು ತಳಕ್ಕೆ ಎರಡು ಇಂಚು ಜಲ್ಲಿ, ಮೇಲೆ ಮರಳು ಅಂದರು.

ಕೆಮ್ಮಣ್ಣು

ಬೇಡ. ನೂರು ಜನ ಹೇಳುತ್ತಾರೆ, ಆದರೂ ಬೇಡ. ಮಣ್ಣಿನ ಸಣ್ಣ ರಂಧ್ರ ನೀರನ್ನು ಹಿಡಿದುಕೊಳ್ಳುತ್ತದೆ, ಜಲ್ಲಿಯ ದೊಡ್ಡ ಸಂದಿಗೆ ಆ ಹಿಡಿತ ಇಲ್ಲ. ಹಾಗಾಗಿ ಮಣ್ಣಿನ ಕೆಳಪದರ ಪೂರ್ತಿ ನೆನೆದು ತೊಟ್ಟಿಕ್ಕುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಜಲ್ಲಿ ಇಲ್ಲದಿದ್ದರೆ ಆ ಕೆಸರು ಪದರ ಬಕೆಟ್ಟಿನ ತಳದಲ್ಲಿ ಇರುತ್ತಿತ್ತು. ಜಲ್ಲಿ ಹಾಕಿದ ಮೇಲೆ ಅದೇ ಪದರ ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂತು, ಅಷ್ಟೆ. 28 ಸೆಂ.ಮೀ. ಅಗಲದ ತಳದಲ್ಲಿ 5 ಸೆಂ.ಮೀ. ಜಲ್ಲಿ ಅಂದರೆ 3 ಲೀಟರ್ ಜಾಗ. 20 ಲೀಟರಿನಲ್ಲಿ ಮೂರು ಹೋದರೆ ಬೇರಿಗೆ ಉಳಿಯುವುದೆಷ್ಟು?

ಮಣ್ಣು ಸೋರದಂತೆ ಸೊಳ್ಳೆಪರದೆ ತುಂಡು ಅಥವಾ ಒಂದು ಪದರ ಶೇಡ್‌ನೆಟ್ ಹಾಸಿ. ತೆಂಗಿನ ನಾರಿನ ಸಿಪ್ಪೆ ಕೂಡ ಆಗುತ್ತದೆ.

ಸುಣ್ಣದ ಗೋಡೆ

ಇದಕ್ಕೆ ಸಣ್ಣ ತಕರಾರು. ಜಲ್ಲಿ ಬೇಡ ಎನ್ನುವುದು ಸರಿ, ಆದರೆ ತೆಂಗಿನ ಸಿಪ್ಪೆ ವರ್ಷದೊಳಗೆ ಕೊಳೆತು ಅಂಟಾಗಿ ತೂತಿನ ಬಾಯಿಗೆ ಕೂರುತ್ತದೆ. ಬಲೆಯೇ ವಾಸಿ.

ಕೆಮ್ಮಣ್ಣು

ಒಪ್ಪಿದೆ. ಕರಿಬೇವಿನಂಥ ವರ್ಷಗಟ್ಟಲೆ ಇರುವ ಗಿಡಕ್ಕೆ ಸಿಪ್ಪೆ ಬೇಡ. ನಾಲ್ಕು ತಿಂಗಳ ಟೊಮೆಟೊಗೆ ನಡೆಯುತ್ತದೆ.

ಹಿಂಡಿ ಗೊಬ್ಬರ

ಮಿಶ್ರಣದ ಲೆಕ್ಕ 12 ಬಕೆಟ್‌ಗೆ ಸೇರಿಸಿಯೇ ಕೊಡುತ್ತೇನೆ.

ಬಕೆಟ್ ಬಾಯಿಯಿಂದ ಎರಡು ಇಂಚು ಖಾಲಿ ಬಿಟ್ಟರೆ ಒಂದಕ್ಕೆ 17 ಲೀಟರ್ ಹಿಡಿಯುತ್ತದೆ. 12ಕ್ಕೆ 204. ನೀರು ಹಾಕಿದ ಮೇಲೆ ಮಿಶ್ರಣ ಕುಸಿಯುತ್ತದೆ, ಆದ್ದರಿಂದ 225 ಲೀಟರ್ ಕಲಸಿ. ಕೆಂಪು ಮಣ್ಣು, ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ತಲಾ ಮೂರನೇ ಒಂದು ಭಾಗ, ಅಂದರೆ 75 ಲೀಟರ್. ಗಾರೆ ಕೆಲಸದ ಬಾಂಡ್ಲಿ 15 ಲೀಟರಿನದಾದರೆ ಐದೈದು ಬಾಂಡ್ಲಿ. ಅಳತೆ ಗಾತ್ರದಲ್ಲಿ, ತೂಕದಲ್ಲಿ ಅಲ್ಲ. ಈ ಒಂದು ತಪ್ಪಿನಿಂದಲೇ ಅರ್ಧ ಜನರ ಬಕೆಟ್ ಕಲ್ಲಾಗುವುದು.

5 ಕೆ.ಜಿ.ಯ ಕೊಕೊಪಿಟ್ ಇಟ್ಟಿಗೆ ಒಂದು ನೆನೆದರೆ ಸುಮಾರು 65ರಿಂದ 70 ಲೀಟರ್ ಆಗುತ್ತದೆ. ಒಂದು ತಂದರೆ ಸಾಕು, ಕೊರತೆಯಾದ ಐದರಿಂದ ಹತ್ತು ಲೀಟರಿಗೆ ಒಣ ಎಲೆಪುಡಿ ಹಾಕಿಕೊಳ್ಳಿ. ಕೊಕೊಪಿಟ್ ಅನ್ನು ಹಾಗೇ ಬಳಸಬೇಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಮೂರು ಸಲ ನೀರು ತುಂಬಿಸಿ, ಬಟ್ಟೆಯಲ್ಲಿ ಹಿಂಡಿ, ಬಣ್ಣ ತಿಳಿಯಾಗುವ ತನಕ ತೊಳೆಯಿರಿ. ಆಮೇಲೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ದಿನ ನೆನೆಹಾಕಿ, ಮತ್ತೆ ಒಮ್ಮೆ ತೊಳೆದರೆ ಅತ್ಯುತ್ತಮ. ನಾರಿಗೆ ಅಂಟಿದ ಸೋಡಿಯಂ, ಪೊಟ್ಯಾಷಿಯಂ ಬಿಟ್ಟು ಆ ಜಾಗಕ್ಕೆ ಕ್ಯಾಲ್ಸಿಯಂ ಕೂರುತ್ತದೆ. ಇಲ್ಲದಿದ್ದರೆ ನೀವು ಆಮೇಲೆ ಹಾಕುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಗಿಡಕ್ಕೆ ಸಿಗುವ ಮೊದಲು ನಾರೇ ನುಂಗುತ್ತದೆ.

ಗೊಬ್ಬರ: ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಮುಷ್ಟಿಯಲ್ಲಿ ಹಿಡಿದರೆ ಬಿಸಿ ಇರಬಾರದು, ಸಗಣಿ ವಾಸನೆ ಬರಬಾರದು, ಕಾಡಿನ ಮಣ್ಣಿನ ವಾಸನೆ ಬರಬೇಕು. ಇದರ ಮೇಲೆ ಬಕೆಟ್‌ಗೆ 100 ಗ್ರಾಂ ಬೇವಿನ ಹಿಂಡಿ, 50 ಗ್ರಾಂ ಎಲುಬಿನ ಪುಡಿ. ಎಲುಬಿನ ಪುಡಿ ಬೇಡವೆನ್ನುವ ಮನೆಯವರು ಅದೇ ಅಳತೆಯ ಶಿಲಾರಂಜಕ (ರಾಕ್ ಫಾಸ್ಫೇಟ್) ಹಾಕಬಹುದು.

ಎಲ್ಲ ಕಲಸಿ, ಕೈಯಲ್ಲಿ ಹಿಂಡಿದರೆ ಉಂಡೆಯಾಗಿ, ಬೆರಳಲ್ಲಿ ತಟ್ಟಿದರೆ ಒಡೆಯುವಷ್ಟು ತೇವ ಮಾಡಿ, 10ರಿಂದ 15 ದಿನ ನೆರಳಲ್ಲಿ ಮುಚ್ಚಿಡಿ. ಹಿಂಡಿ ಕೊಳೆಯುವಾಗ ಬಿಸಿಯೇರುತ್ತದೆ, ಅಮೋನಿಯಾ ಬಿಡುತ್ತದೆ. ಕಲಸಿದ ದಿನವೇ ಸಸಿ ನೆಟ್ಟರೆ ಎಲೆಯ ಅಂಚು ಸುಡುವುದು ಅದಕ್ಕೇ.

ಎಂ-ಸ್ಯಾಂಡ್ ಸೇರಿಸಬೇಡಿ. ಅದರ ಕಲ್ಲುಪುಡಿ ನೀರು ಕಂಡರೆ ಗಾರೆಯಂತೆ ಬಿಗಿಯುತ್ತದೆ.

ಮಾಳಿಗೆ ಲೆಕ್ಕ

ತೂಕದ ಮಾತು ಯಾರೂ ಎತ್ತಲಿಲ್ಲ. 17 ಲೀಟರ್ ಬರೀ ಮಣ್ಣು ನೆನೆದರೆ 30 ಕೆ.ಜಿ. ದಾಟುತ್ತದೆ. ಮೇಲಿನ ಮಿಶ್ರಣ ಸುಮಾರು 20 ಕೆ.ಜಿ. ಜನ ಓಡಾಡುವ ತಾರಸಿಗೆ ಕಟ್ಟಡದ ಭಾರ ಕುರಿತ ಭಾರತೀಯ ಮಾನಕ ಐ.ಎಸ್. 875ರ ಎರಡನೇ ಭಾಗ ಹೇಳುವ ಚಲಭಾರ (ಜನ, ಸಾಮಾನಿನಂಥ ಬದಲಾಗುವ ಭಾರ) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 150 ಕೆ.ಜಿ. ಮೆಟ್ಟಿಲಿಲ್ಲದ, ಜನ ಹತ್ತದ ಚಾವಣಿಗೆ ಅದರ ಅರ್ಧ ಮಾತ್ರ. ಚದರ ಮೀಟರಿಗೆ ನಾಲ್ಕು ಬಕೆಟ್ ಇಟ್ಟರೆ 80 ಕೆ.ಜಿ., ನೀವು ನಿಲ್ಲಲು ಜಾಗ ಉಂಟು. ಒತ್ತೊತ್ತಾಗಿ ಒಂಬತ್ತು ಇಟ್ಟರೆ 180, ಮಿತಿ ಮೀರಿತು.

12 ಬಕೆಟ್ಟನ್ನು ಪ್ಯಾರಪೆಟ್ ಗೋಡೆಯ ಉದ್ದಕ್ಕೆ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಸಾಲಾಗಿಡಿ. ಕೋಣೆಯ ನಡು ಚಾವಣಿ ಬೇಡ. ಸಜ್ಜಾ ಮೇಲಂತೂ ಬೇಡವೇ ಬೇಡ. ಪ್ಯಾರಪೆಟ್ ಗೋಡೆಯ ತಲೆಯ ಮೇಲೂ ಇಡಬೇಡಿ. ಗಾಳಿಗೆ 20 ಕೆ.ಜಿ. ಬಕೆಟ್ ಉರುಳಿದರೆ ಕೆಳಗೆ ರಸ್ತೆ ಇದೆ.

ತಿಂಗಳ ಹುರುಳಿ

ಗಿಡದ ಲೆಕ್ಕ ಹೇಳಿಬಿಡುತ್ತೇನೆ. ಟೊಮೆಟೊ ಒಂದು ಬಕೆಟ್‌ಗೆ ಒಂದೇ. ಬದನೆಯೂ ಒಂದೇ. ಮೆಣಸಿನ ಗಿಡ ಒಂದು, ಬುಡದ ಸುತ್ತ ಕೊತ್ತಂಬರಿ ಚೆಲ್ಲಬಹುದು. ಬೆಂಡೆ ಎರಡು. ಗಿಡ್ಡ ಹುರುಳಿಕಾಯಿ ನಾಲ್ಕು. ಮೂಲಂಗಿ ಆರು. ದಂಟು, ಪಾಲಕ್, ಮೆಂತ್ಯಕ್ಕೆ 20 ಲೀಟರ್ ದಂಡ. ಅವುಗಳ ಬೇರು ಆರೇಳು ಇಂಚಿಗಿಂತ ಆಳಕ್ಕೆ ಬೇಡುವುದಿಲ್ಲ. ಬಕೆಟ್ಟನ್ನು ಅಡ್ಡಲಾಗಿ ಮಲಗಿಸಿ ಉದ್ದಕ್ಕೆ ಕೊಯ್ದರೆ ಎರಡು ಸೊಪ್ಪಿನ ಮಡಿ.

ಒಂದರಲ್ಲಿ ಎರಡು ಟೊಮೆಟೊ ಹಾಕಿದರೆ ಎರಡು ಪಟ್ಟು ಬರುತ್ತದೆ ಅಂತ ಎಲ್ಲರಿಗೂ ಆಸೆ. ಏಪ್ರಿಲ್‌ನಲ್ಲಿ ಬೆಳೆದ ಗಿಡ ದಿನಕ್ಕೆ ಎರಡು ಮೂರು ಲೀಟರ್ ನೀರು ಎಳೆಯುತ್ತದೆ. ಬಕೆಟ್‌ನ ಮಿಶ್ರಣದಲ್ಲಿ ಗಿಡಕ್ಕೆ ಸಿಗುವ ನೀರು ನಾಲ್ಕೈದು ಲೀಟರ್. ಎರಡು ಗಿಡವಾದರೆ ಮಧ್ಯಾಹ್ನವೇ ಬಾಡುತ್ತವೆ.

ತಳಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದೇ ಹುಡುಕಿ. ಟೊಮೆಟೊಗೆ ಅರ್ಕಾ ರಕ್ಷಕ್: ಎಲೆ ಮುರುಟು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ, ಗಿಡವೂ ತೀರಾ ಉದ್ದ ಹೋಗುವುದಿಲ್ಲ. ಬೆಂಡೆಗೆ ಅರ್ಕಾ ಅನಾಮಿಕ, ಬದನೆಗೆ ಅರ್ಕಾ ಆನಂದ್, ಹುರುಳಿಕಾಯಿಗೆ ಅರ್ಕಾ ಕೋಮಲ್, ಕುಯ್ದಷ್ಟೂ ಚಿಗುರುವ ದಂಟಿಗೆ ಅರ್ಕಾ ಸುಗುಣ. ರಕ್ಷಕ್, ಆನಂದ್ ಎರಡೂ ಹೈಬ್ರಿಡ್. ಹಣ್ಣಿನಿಂದ ಬೀಜ ತೆಗೆದಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ. ಅನಾಮಿಕ, ಕೋಮಲ್, ಸುಗುಣದ ಬೀಜ ಇಟ್ಟುಕೊಳ್ಳಬಹುದು.

ಮೂರನೇ ಮಹಡಿ

ತುಂಬಾ ಉಪಯೋಗ ಆಯಿತು. ದಿನಕ್ಕೆ ಎಷ್ಟು ಸಲ ನೀರು? ಬೆಳಿಗ್ಗೆ ಹಾಕಿದ ತಕ್ಷಣ ತೂತಿನಿಂದ ಸುರಿದುಹೋಗುತ್ತದೆ, ಸಂಜೆ ಗಿಡ ಬಾಡಿರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದರು.

ಕೆಮ್ಮಣ್ಣು

ಅದು ಒಣಗಿದ ಕೊಕೊಪಿಟ್‌ನ ಲಕ್ಷಣ. ಒಮ್ಮೆ ಪೂರ್ತಿ ಒಣಗಿದರೆ ಮಿಶ್ರಣ ಕುಗ್ಗಿ ಬಕೆಟ್ ಗೋಡೆಯಿಂದ ಬಿಡುತ್ತದೆ. ನೀರು ಆ ಸಂದಿಯಲ್ಲೇ ಜಾರಿ ಕೆಳಗೆ ಬರುತ್ತದೆ, ನಡುವಿನ ಗಡ್ಡೆ ಒಣಗಿಯೇ ಇರುತ್ತದೆ. ತೂತಿನಿಂದ ನೀರು ಬಂತು ಅಂದಮಾತ್ರಕ್ಕೆ ನೆನೆಯಿತು ಎಂದಲ್ಲ. ಅರ್ಧ ಲೀಟರ್ ಹಾಕಿ, 15 ನಿಮಿಷ ಬಿಟ್ಟು, ಮತ್ತೆ ಒಂದೂವರೆ ಲೀಟರ್ ಹಾಕಿ. ತೀರಾ ಒಣಗಿದ್ದರೆ ದೊಡ್ಡ ಟಬ್‌ನಲ್ಲಿ ಅರ್ಧ ಬಕೆಟ್ ಎತ್ತರಕ್ಕೆ ನೀರು ತುಂಬಿ ಒಂದು ಗಂಟೆ ಇಡಿ. ಆಮೇಲೆ ಗೋಡೆಯ ಸಂದಿಗೆ ಮಿಶ್ರಣ ತುಂಬಿ ಅದುಮಿ.

"ದಿನಕ್ಕೆ ಇಷ್ಟು ಸಲ" ಅನ್ನುವ ಲೆಕ್ಕ ನಂಬಬೇಡಿ. ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಿಗುತ್ತದೆ. ಚೆನ್ನಾಗಿ ನೀರು ಹಾಕಿ, ಅರ್ಧ ಗಂಟೆ ಸೋರಿಹೋದ ಮೇಲೆ ಒಮ್ಮೆ ತೂಗಿ, ಬಕೆಟ್ ಮೇಲೆ ಬರೆಯಿರಿ. ಅದಕ್ಕಿಂತ ಎರಡು ಎರಡೂವರೆ ಕೆ.ಜಿ. ಇಳಿದಾಗ ಅಷ್ಟೇ ಲೀಟರ್ ನೀರು ಹಾಕಿ. ವಾರ ಕಳೆಯುವಷ್ಟರಲ್ಲಿ ಬಕೆಟ್ಟನ್ನು ಓರೆ ಮಾಡಿ ನೋಡಿದರೇ ಗೊತ್ತಾಗುತ್ತದೆ, ತಕ್ಕಡಿ ಬೇಕಾಗುವುದಿಲ್ಲ. ಆದರೆ ಎರಡು ವರ್ಷ ಬಿಸಿಲಲ್ಲಿದ್ದ ಬಕೆಟ್ಟನ್ನು ಹಿಡಿಯಿಂದ ಎತ್ತಬೇಡಿ, ಹಿಡಿ ಕೂರುವ ಕಿವಿ ಮುರಿಯುತ್ತದೆ. ತಳಕ್ಕೆ ಕೈ ಕೊಟ್ಟು ಎತ್ತಿ.

ಮೇಲೆ ಎರಡು ಇಂಚು ಒಣ ಎಲೆ ಅಥವಾ ಕಬ್ಬಿನ ಸಿಪ್ಪೆ ಹೊದಿಸಿ, ಕಾಂಡಕ್ಕೆ ತಾಗದಂತೆ.

ಕಲಬುರಗಿ ಬಿಸಿಲು

ಬೆಂಗಳೂರಿನ ಲೆಕ್ಕ ನಮ್ಮ ಕಡೆ ನಡ್ಯಾಂಗಿಲ್ರೀ. ಏಪ್ರಿಲ್, ಮೇದಾಗ 42 ಡಿಗ್ರಿ ಇರ್ತದ. ಬಿಸಿಲಿಗಿಟ್ಟ ಕರಿ ಬಕೆಟ್ ಮುಟ್ಟಿದ್ರ ಕೈ ಸುಡ್ತದ. ಗ್ವಾಡಿಗೆ ಹತ್ತಿದ ಬೇರು ಬೆಂದು ಹೋಗ್ತಾವ. ಎಲಿ ಬಾಡ್ತಂದ್ರ ಎಲ್ಲಾರೂ ನೀರು ಹಾಕ್ತಾರ, ಬೆಂದ ಬೇರಿಗೆ ನೀರು ಹಾಕಿದ್ರ ಕೊಳಿತದ ಅಷ್ಟ.

ಮಾಡೂದು ಇಷ್ಟು. ಬಕೆಟ್ ಹೊರಗ ಸುಣ್ಣ ಬಳೀರಿ, ಸುಣ್ಣಕ್ಕ ಸ್ವಲ್ಪ ಫೆವಿಕಾಲ್ ಕೂಡಿಸಿದ್ರ ಉದುರೂದಿಲ್ಲ. ಇಲ್ಲಾಂದ್ರ ಗೋಣಿಚೀಲ ಸುತ್ತಿ ನೀರು ಚಿಮುಕಿಸ್ರಿ. ಬಕೆಟ್ ಒಂದಕ್ಕೊಂದು ಹತ್ತಿರ ಇಡ್ರಿ, ಒಂದರ ನೆರಳು ಒಂದಕ್ಕ ಬೀಳಲಿ. ಪಶ್ಚಿಮದ ಸಾಲಿಗೆ ಖಾಲಿ ಬಕೆಟ್ ಇಟ್ಟು ಅಡ್ಡ ಮಾಡ್ರಿ. ಮಾರ್ಚ್‌ದಿಂದ ಮೇ ಮುಗಿಯೂತನ 50 ಶೇಕಡಾ ಶೇಡ್‌ನೆಟ್, ಗಿಡದ ತಲಿಮ್ಯಾಲ ಎರಡು ಅಡಿ ಎತ್ತರ. ಪೈಪಿನ್ಯಾಗ ನಿಂತ ನೀರು ಮೊದಲ ಚೆಲ್ರಿ, ಅದು ಚಹಾದ ನೀರಿನಾಂಗ ಬಿಸಿ ಇರ್ತದ.

ಟೊಮ್ಯಾಟೊ ಹೂವು ಉದುರ್ತಾವ ಅಂತ ಬ್ಯಾಸಿಗ್ಯಾಗ ಎಣ್ಣಿ, ಔಷಧ ಹೊಡಿಬ್ಯಾಡ್ರಿ. ಹಗಲು 35 ದಾಟಿ, ರಾತ್ರಿನೂ ಸೆಕಿ ಇದ್ರ ಪರಾಗ ಕೆಡ್ತದ, ಕಾಯಿ ಕಟ್ಟೂದಿಲ್ಲ. ನಮ್ಮ ಕಡೆ ಸಸಿ ಹಚ್ಚೂದು ಸೆಪ್ಟೆಂಬರ್, ಅಕ್ಟೋಬರ್‌ದಾಗ. ಬ್ಯಾಸಿಗಿಗೆ ಬೆಂಡಿ, ಚವಳಿ, ಬಸಳಿ ಇರಲಿ.

ಕಡಲತಡಿ

ನಮ್ಮ ಉಡುಪಿ, ಮಂಗಳೂರು ಕಡೆ ತೊಂದರೆ ತಿರುಗುಮುರುಗು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ. ಕೆಮ್ಮಣ್ಣು ಅವರು ಹೇಳಿದ ಎಂಟು ತೂತು ಸಾಲದು, ಹನ್ನೆರಡು ಮಾಡಿ. ಮಿಶ್ರಣದಲ್ಲಿ ಗೊಬ್ಬರ ಮೂರನೇ ಒಂದು ಹಾಕಿದರೆ ಅದರ ಸಾರವೆಲ್ಲ ಜುಲೈ ಹೊತ್ತಿಗೆ ತೊಳೆದುಹೋಗಿ ಕೆಳಗೆ ಬರೀ ಅಂಟು ಉಳಿಯುತ್ತದೆ. ಮಳೆಗಾಲಕ್ಕೆ ಗೊಬ್ಬರ ಐದನೇ ಒಂದು ಭಾಗ ಸಾಕು, ಉಳಿದ ಜಾಗಕ್ಕೆ ಸುಟ್ಟ ಭತ್ತದ ಹೊಟ್ಟು. ಗೊಬ್ಬರವನ್ನು ಹತ್ತು ದಿನಕ್ಕೊಮ್ಮೆ ಒಂದು ಮುಷ್ಟಿಯಂತೆ ಮೇಲೆ ಕೊಡುತ್ತಾ ಹೋಗಿ. ಹೊಟ್ಟು ಸುಡದೆ ಹಸಿಯಾಗಿ ಹಾಕಿದರೆ ಅದು ಕೊಳೆಯಲು ಗಿಡದ ಸಾರಜನಕವನ್ನೇ ಕಸಿಯುತ್ತದೆ, ಎಲೆ ಹಳದಿ.

ಇಲ್ಲಿನ ಮುರ (ಜಂಬಿಟ್ಟಿಗೆ) ಮಣ್ಣು ಹುಳಿ, ಅಂದರೆ ಆಮ್ಲೀಯ. ಬಕೆಟ್‌ಗೆ ಎರಡು ಚಮಚ ಡಾಲೊಮೈಟ್ ಅಥವಾ ಒಂದು ಚಮಚ ಅರಳಿದ ಸುಣ್ಣ, ನೆಡುವ ಎರಡು ವಾರ ಮೊದಲು.

ಮಳೆಗಾಲದಲ್ಲಿ ಟೊಮೆಟೊದ ಹಿಂದೆ ಬೀಳುವುದು ಸುಮ್ಮನೆ. ಶುಂಠಿ ಹಾಕಿ: ಏಪ್ರಿಲ್ ಕೊನೆ, ಮೇ ಮೊದಲ ಮಳೆಗೆ, ಕಣ್ಣಿರುವ 20ರಿಂದ 25 ಗ್ರಾಂ ತುಂಡು ಮೂರು, ಎರಡು ಇಂಚು ಆಳ. ಆಗ ಬಕೆಟ್ ಮೂರನೇ ಎರಡು ಭಾಗ ಮಾತ್ರ ತುಂಬಿರಲಿ. ನೆಟ್ಟ ಒಂದೂವರೆ ತಿಂಗಳಿಗೆ ಒಂದು ಸಲ, ಮೂರು ತಿಂಗಳಿಗೆ ಇನ್ನೊಂದು ಸಲ ಮಣ್ಣೇರಿಸಿ. ಗಡ್ಡೆ ಮೇಲ್ಮುಖವಾಗಿ ಬೆಳೆಯುತ್ತದೆ. ಎಂಟು ತಿಂಗಳಿಗೆ ಕೀಳುವುದು. ಆಟಿಯ (ಜುಲೈ-ಆಗಸ್ಟ್) ಮಳೆಗೆ ಕಾಂಡದ ಬುಡ ಮೆತ್ತಗಾಗಿ, ಎಳೆದರೆ ಕಳಚಿ ಬಂದರೆ ಅದು ಗಡ್ಡೆಕೊಳೆ. ಆ ಬಕೆಟ್ಟನ್ನು ಕೂಡಲೇ ಬೇರೆ ಇಡಿ. ಬಸಳೆಗೆ ಮೂರು ಗೆಣ್ಣಿನ ತುಂಡು ಎರಡು, ಒಂದು ಗೆಣ್ಣು ಮಣ್ಣೊಳಗೆ. ಅದಕ್ಕೆ ಚಪ್ಪರ ಒಂದಿದ್ದರೆ ಮತ್ತೇನೂ ಕೇಳುವುದಿಲ್ಲ.

ಸುಣ್ಣದ ಗೋಡೆ

ಮೂರನೇ ಮಹಡಿಯವರೇ, ನಿಮ್ಮ ನಿಜವಾದ ತಲೆನೋವು ಬೋರ್‌ವೆಲ್ ನೀರು. ಬಿಸಿನೀರಿನ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ನೀರಾದರೆ ಅದೇ ಪದರ ಮಣ್ಣಿನಲ್ಲೂ ಕೂರುತ್ತದೆ. ನೆಲದಲ್ಲಾದರೆ ಮಳೆ ತೊಳೆದುಕೊಂಡು ಹೋಗುತ್ತದೆ; 17 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಮೂರು ತಿಂಗಳಿಗೆ ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ.

ಎಲೆ ಹಳದಿಯಾದರೆ ಎಲ್ಲಿ ಹಳದಿ ಎಂದು ನೋಡಿ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ. ಹಳೆ ಎಲೆಯಲ್ಲಿ ನರದ ನಡುವೆ ಹಳದಿ: ಮೆಗ್ನೀಷಿಯಂ, ಲೀಟರಿಗೆ 2 ಗ್ರಾಂ ಎಪ್ಸಮ್ ಉಪ್ಪು ಸಿಂಪಡಿಸಿ. ಹಳೆ ಎಲೆ ಒಂದೇ ಸಮ ಪೂರ್ತಿ ಹಳದಿ: ಸಾರಜನಕ. ಕಬ್ಬಿಣಕ್ಕೆ ಅಂಗಡಿಯಲ್ಲಿ ಕೊಡುವ ಅಗ್ಗದ ಇ.ಡಿ.ಟಿ.ಎ. ಪುಡಿ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಇ.ಡಿ.ಡಿ.ಎಚ್.ಎ. ಎಂದು ಬರೆದಿರುವುದು ಬೇಕು.

ನೀರಿಗೆ 20 ಲೀಟರಿಗೆ 4ರಿಂದ 5 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಹುಳಿ-ಕ್ಷಾರ ಅಳೆಯುವ ಪಿ.ಎಚ್. ಕಾಗದದಲ್ಲಿ 6ರಿಂದ 6.5 ಬರುವಂತೆ ನೋಡಿಕೊಳ್ಳಿ.

ಹಿಂಡಿ ಗೊಬ್ಬರ

ನಿಂಬೆ ಉಪ್ಪಿನ ಕೆಲಸ ತಾತ್ಕಾಲಿಕ. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರಿಕ್ ಆಮ್ಲವನ್ನು ತಿಂದು ಮುಗಿಸುತ್ತವೆ, ಕ್ಷಾರ ಮತ್ತೆ ಮೇಲೇಳುತ್ತದೆ. ಅದರ ಜೊತೆ ಬಕೆಟ್‌ಗೆ 8ರಿಂದ 10 ಗ್ರಾಂ ಗಂಧಕದ ಪುಡಿ ಕಲಸುವಾಗಲೇ ಹಾಕಿ. ಬ್ಯಾಕ್ಟೀರಿಯಾ ಅದನ್ನು ನಿಧಾನವಾಗಿ ಆಮ್ಲ ಮಾಡುತ್ತವೆ, ಕೆಲವು ವಾರ ಹಿಡಿಯುತ್ತದೆ. ಕಡಲತಡಿಯವರು ಇದನ್ನು ಓದಿ ಗಂಧಕ ಹಾಕಬಾರದು, ಅಲ್ಲಿ ಈಗಾಗಲೇ ಹುಳಿ.

ಆರ್.ಓ. ಫಿಲ್ಟರ್‌ನಿಂದ ಹೊರಬೀಳುವ ನೀರು ಬಕೆಟ್ ಗಿಡಕ್ಕೆ ಬೇಡ. ಒಳಗೆ ಬಂದ ನೀರಿನ ಲವಣವೆಲ್ಲ ಅದರಲ್ಲೇ ಸಾಂದ್ರವಾಗಿರುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿತ್ತು. ಅಂಥ ಬೇಸಿಗೆಗೆ ಈ ನೀರೇ ಆಧಾರ. ಮಳೆನೀರು ಒಂದು ಡ್ರಮ್ ಹಿಡಿದಿಟ್ಟರೆ ತಿಂಗಳಿಗೊಮ್ಮೆ ಬಕೆಟ್‌ಗೆ ಐದಾರು ಲೀಟರ್ ಸುರಿದು ಲವಣ ತೊಳೆಯಬಹುದು.

ತೂತು ಬಕೆಟ್

ಎರಡು ದಿನ ಊರಿಗೆ ಹೋಗುವವರಿಗೆ ಜೋಡಿ ಬಕೆಟ್ ಹೇಳುತ್ತೇನೆ. ಒಂದರೊಳಗೆ ಒಂದು ಕೂರುವ ಎರಡು ಬಕೆಟ್ ಬೇಕು. ಹೊರ ಬಕೆಟ್ ತಳದಲ್ಲಿ 2 ಇಂಚು ಪಿ.ವಿ.ಸಿ. ಪೈಪಿನ 8 ಸೆಂ.ಮೀ. ಎತ್ತರದ ತುಂಡು ಮೂರು ನಿಲ್ಲಿಸಿ, ಪ್ರತಿ ತುಂಡಿನ ಬದಿಗೂ ಎರಡು ತೂತು ಇರಲಿ, ನೀರು ಒಳಗೂ ತುಂಬಲು. ಒಳ ಬಕೆಟ್ ಅದರ ಮೇಲೆ ಕೂರುತ್ತದೆ. ಒಳ ಬಕೆಟ್ ತಳದ ನಡುವೆ ಅರ್ಧ ಕೆ.ಜಿ. ಮೊಸರಿನ ಡಬ್ಬ ಇಳಿಯುವಷ್ಟು ತೂತು ಕೊಯ್ದು, ಡಬ್ಬಕ್ಕೆ ಹತ್ತು ಹನ್ನೆರಡು 5 ಮಿ.ಮೀ. ತೂತು ಮಾಡಿ ಇಳಿಬಿಡಿ. ಡಬ್ಬದ ಅಂಚು ತಳದ ಮೇಲೆ ನಿಲ್ಲಬೇಕು, ಒಳಗೆ ಹೋಗಬಾರದು. ಅದಕ್ಕೆ ಕೊಕೊಪಿಟ್ ಒತ್ತಿ ತುಂಬಿ. ಇದೇ ಬತ್ತಿ, ನೀರು ಇದರ ಮೂಲಕ ಮೇಲೇರುತ್ತದೆ. ಒಳ ಬಕೆಟ್ ತಳಕ್ಕೆ ಬೇರೆ 5 ಮಿ.ಮೀ. ತೂತು ಇಪ್ಪತ್ತು, ಗಾಳಿಗೆ.

ನೀರು ತುಂಬಲು 1 ಇಂಚು ಪೈಪ್, ಕೆಳತುದಿ ಓರೆಯಾಗಿ ಕೊಯ್ದದ್ದು, ಇಲ್ಲದಿದ್ದರೆ ತಳಕ್ಕೆ ಅಂಟಿ ನೀರಿಳಿಯುವುದಿಲ್ಲ. ಹೊರ ಬಕೆಟ್‌ನಲ್ಲಿ, ಒಳ ಬಕೆಟ್ ತಳಕ್ಕಿಂತ ಒಂದು ಸೆಂ.ಮೀ. ಕೆಳಗೆ, 10 ಮಿ.ಮೀ. ಉಕ್ಕುತೂತು ಒಂದು. ಇದನ್ನು ಮರೆತರೆ ಮೊದಲ ಜೋರು ಮಳೆಗೇ ಬೇರು ಮುಳುಗಿ ಸಾಯುತ್ತದೆ. ಸುಮಾರು 4 ಲೀಟರ್ ಹಿಡಿಯುತ್ತದೆ: ಸೊಪ್ಪಿಗೆ ನಾಲ್ಕೈದು ದಿನ, ಕಾಯಿ ತುಂಬಿದ ಟೊಮೆಟೊಗೆ ಬೇಸಿಗೆಯಲ್ಲಿ ಒಂದೂವರೆ ದಿನ.

ಬರೀ ತೋಟದ ಮಣ್ಣು ತುಂಬಿದರೆ ಇದು ಕೆಸರಾಗುತ್ತದೆ. ಕೊಕೊಪಿಟ್ ಅರ್ಧಕ್ಕೆ ಏರಿಸಿ, ಮಣ್ಣು ಐದನೇ ಒಂದು ಭಾಗ ಸಾಕು. ನೀರು ಕೆಳಗಿನಿಂದ ಮೇಲೇರಿ ಆವಿಯಾಗುವುದರಿಂದ ಲವಣ ಮೇಲ್ಪದರದಲ್ಲಿ ಬಿಳಿಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ನೀರು ಸುರಿದು ಉಕ್ಕುತೂತಿನಿಂದ ಹೊರಬಿಡಿ.

ಮಾಳಿಗೆ ಲೆಕ್ಕ

ಸೊಳ್ಳೆ? ನಿಂತ ಶುದ್ಧ ನೀರಲ್ಲೇ ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು.

ತೂತು ಬಕೆಟ್

ಪೈಪಿನ ಬಾಯಿಗೆ ಮುಚ್ಚಳ, ಉಕ್ಕುತೂತಿಗೆ ಸೊಳ್ಳೆಪರದೆ ತುಂಡು ಅಂಟಿಸಿ. ಎರಡು ಬಕೆಟ್ ನಡುವಿನ ಸಂದಿಗೂ ಬಟ್ಟೆ ತುರುಕಬೇಕು, ಅದನ್ನೇ ಎಲ್ಲರೂ ಮರೆಯುವುದು.

ಮೂರನೇ ಮಹಡಿ

ಗೊಬ್ಬರ ಮೇಲಿಂದ ಎಷ್ಟು ಕೊಡಬೇಕು? ಜೀವಾಮೃತ ಸಾಕೇ?

ಹಿಂಡಿ ಗೊಬ್ಬರ

ಮೊದಲ ಮೂರು ವಾರ ಏನೂ ಬೇಡ, ಮಿಶ್ರಣದಲ್ಲೇ ಇದೆ. ಆಮೇಲೆ 15 ದಿನಕ್ಕೊಮ್ಮೆ ಎರಡು ಮುಷ್ಟಿ ಎರೆಗೊಬ್ಬರ. ಇದರ ಜೊತೆ ಕಡಲೆಕಾಯಿ ಹಿಂಡಿ 100 ಗ್ರಾಂ ಒಂದು ಲೀಟರ್ ನೀರಲ್ಲಿ ನಾಲ್ಕೈದು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಬಕೆಟ್‌ಗೆ ಅರ್ಧ ಲೀಟರ್, ಹತ್ತು ದಿನಕ್ಕೊಮ್ಮೆ. ನಾರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಹಿಂಡಿಯನ್ನು ಹಾಗೇ ಮಣ್ಣ ಮೇಲೆ ಉದುರಿಸಿದರೆ ಬೂಜು, ಇರುವೆ, ಇಲಿ ಮೂರೂ ಬರುತ್ತವೆ.

ಜೀವಾಮೃತ 20 ಲೀಟರಿಗೆ: ಸಗಣಿ 1 ಕೆ.ಜಿ., ಗಂಜಲ ಅರ್ಧದಿಂದ 1 ಲೀಟರ್, ಬೆಲ್ಲ 200 ಗ್ರಾಂ, ಕಡಲೆಹಿಟ್ಟು ಅಥವಾ ಹುರುಳಿ ಹಿಟ್ಟು 200 ಗ್ರಾಂ, ಮರದ ಬುಡದ ಒಂದು ಹಿಡಿ ಮಣ್ಣು. ನೆರಳಲ್ಲಿ 48 ಗಂಟೆ, ದಿನಕ್ಕೆರಡು ಸಲ ಕಡೆಯಿರಿ, ವಾರದೊಳಗೆ ಮುಗಿಸಿ. ಅದು ಸೂಕ್ಷ್ಮಜೀವಿಗೆ ಊಟ, ಕಾಯಿ ಬಿಡುವ ಟೊಮೆಟೊದ ಹೊಟ್ಟೆ ಅದೊಂದರಿಂದಲೇ ತುಂಬುವುದಿಲ್ಲ.

ತಿಂಗಳ ಹುರುಳಿ

ಸಾವಯವವೇ ಬೇಕೆಂಬ ಹಟ ಇಲ್ಲದವರಿಗೆ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 2 ಗ್ರಾಂ, ವಾರಕ್ಕೊಮ್ಮೆ, ತೇವ ಇರುವ ಮಣ್ಣಿಗೆ. ಹೂ ಬಂದ ಮೇಲೆ 13:0:45 ಅಷ್ಟೇ ಅಳತೆ. ಬೇರೆ ದಿನ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂ. ಇದನ್ನು 19:19:19 ಅಥವಾ ಎಪ್ಸಮ್ ಉಪ್ಪಿನ ಜೊತೆ ಒಂದೇ ಬಾಟಲಿಯಲ್ಲಿ ಕಲಸಬೇಡಿ, ಸುಣ್ಣದ ಗಸಿಯಾಗಿ ತಳಕ್ಕೆ ಕೂರುತ್ತದೆ.

ಟೊಮೆಟೊದ ತಳಭಾಗ ಕಪ್ಪಾಗಿ ಚರ್ಮದಂತೆ ಗಟ್ಟಿಯಾದರೆ ಜನ ಮೊಟ್ಟೆಚಿಪ್ಪು ಹುಡುಕುತ್ತಾರೆ. ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಗಿಡವೇ ಮುಗಿದಿರುತ್ತದೆ. ಹೆಚ್ಚಿನ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಇರುತ್ತದೆ. ಒಂದು ದಿನ ಒಣಗಿ ಒಂದು ದಿನ ಮುಳುಗಿದ್ದರಿಂದ ಅದು ಕಾಯಿಯ ತುದಿಗೆ ತಲುಪಿಲ್ಲ. ನೀರು ಸಮ ಮಾಡಿ, ಕೆಟ್ಟ ಕಾಯಿ ಕಿತ್ತುಹಾಕಿ, ಮುಂದಿನ ಗೊನೆ ಸರಿ ಬರುತ್ತದೆ.

ಸುಣ್ಣದ ಗೋಡೆ

ಮೆಣಸಿನ ಮುರುಟು ಬಗ್ಗೆಯೂ ಹೇಳಿಬಿಡುವೆ, ಮುಂದಿನ ಪ್ರಶ್ನೆ ಅದೇ ಇರುತ್ತದೆ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಿಚಿದ್ದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ). ಕೆಳಕ್ಕೆ, ಕೊಡೆ ಕವುಚಿದಂತೆ ಮಡಿಚಿ ತೊಟ್ಟು ಉದ್ದವಾಗಿದ್ದರೆ ನುಸಿ. ಥ್ರಿಪ್ಸ್‌ಗೆ ಬೇವಿನೆಣ್ಣೆ 5 ಮಿ.ಲೀ., ಮೊದಲು 1 ಮಿ.ಲೀ. ಸೋಪಿನ ದ್ರಾವಣದಲ್ಲಿ ಹಾಲಿನಂತೆ ಕಲಕಿ ಆಮೇಲೆ ಒಂದು ಲೀಟರ್ ನೀರು. ಸಂಜೆ, ಎಲೆಯ ಅಡಿಗೆ, ಐದು ದಿನಕ್ಕೊಮ್ಮೆ ಮೂರು ಸಲ. ನುಸಿಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆಯಬೇಡಿ, ಬಿಸಿಲು 32 ಡಿಗ್ರಿ ದಾಟಿದ ದಿನವೂ ಬೇಡ, ಎಲೆ ಸುಡುತ್ತದೆ.

ಬದನೆಯ ಕುಡಿ ಬಾಗಿ ಬಾಡಿದರೆ ಒಳಗೆ ಹುಳ ಇದೆ. ಅರ್ಧ ಇಂಚು ಕೆಳಗೆ ಕತ್ತರಿಸಿ ಸೋಪಿನ ನೀರಿಗೆ ಹಾಕಿ. ವಾರಕ್ಕೆರಡು ಸಲ ಇಷ್ಟು ಮಾಡಿದರೆ ಹನ್ನೆರಡು ಬಕೆಟ್‌ಗೆ ಔಷಧವೇ ಬೇಡ.

ಟೊಮೆಟೊ ಹಸಿರಾಗಿರುವಾಗಲೇ ಒಂದು ದಿನದಲ್ಲಿ ಇಡೀ ಗಿಡ ಜೋತು ಬಿದ್ದರೆ ಬುಡದ ಕಾಂಡ ಕೊಯ್ದು ಗಾಜಿನ ಲೋಟದ ನೀರಲ್ಲಿ ತೂಗುಹಾಕಿ. ಐದು ನಿಮಿಷದೊಳಗೆ ಹಾಲಿನ ಎಳೆಯಂತೆ ಇಳಿದರೆ ದುಂಡಾಣು ಸೊರಗು. ಆ ಮಣ್ಣನ್ನು ಬೇರೆ ಬಕೆಟ್‌ಗೆ ಬೆರೆಸಬೇಡಿ. ಬಕೆಟ್ಟನ್ನು ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರಲ್ಲಿ ಕಾಲು ಗಂಟೆ ನೆನೆಸಿ ತೊಳೆಯಿರಿ. ನೆಲದ ಪಾತಿಯಾದರೆ ಪೂರ್ತಿ ಹೋಗುತ್ತಿತ್ತು, ಇಲ್ಲಿ ಒಂದೇ ಬಕೆಟ್.

ಮೂರನೇ ಮಹಡಿ

ಒಂದು ಬೆಳೆ ಮುಗಿದ ಮೇಲೆ ಮಣ್ಣು ಬಿಸಾಡಬೇಕೇ?

ಕೆಮ್ಮಣ್ಣು

ರೋಗ ಇಲ್ಲದಿದ್ದರೆ ಬಿಸಾಡಬೇಡಿ. ಬಕೆಟ್ ಮಗುಚಿ, ಬೇರಿನ ಗಡ್ಡೆ ಒದರಿ ನೋಡಿ. ಬೇರಿನ ಮೇಲೆ ಮಣಿ ಪೋಣಿಸಿದಂತೆ ಗಂಟು ಇದ್ದರೆ ಬೇರಿನ ಜಂತುಹುಳು (ನೆಮಟೋಡ್). ಹುರುಳಿಕಾಯಿ ಬೇರಿನ ಉಪಯೋಗಿ ಗಂಟು ಉಜ್ಜಿದರೆ ಕಳಚಿಕೊಳ್ಳುತ್ತದೆ, ಇದು ಕಳಚುವುದಿಲ್ಲ. ಅಂಥ ಮಣ್ಣನ್ನು ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ಆರು ಇಂಚು ದಪ್ಪ ಹರಡಿ, ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚು ಬಿಗಿದು ನಾಲ್ಕರಿಂದ ಆರು ವಾರ ಬಿಡಿ. ಕರಿ ಪ್ಲಾಸ್ಟಿಕ್ ಅಷ್ಟು ಕಾಯಿಸುವುದಿಲ್ಲ.

ಒಳ್ಳೆಯ ಮಣ್ಣಾದರೆ ನಾಲ್ಕು ಪಾಲಿಗೆ ಒಂದು ಪಾಲು ಹೊಸ ಗೊಬ್ಬರ, ಬಕೆಟ್‌ಗೆ 100 ಗ್ರಾಂ ಬೇವಿನ ಹಿಂಡಿ, ಹತ್ತು ದಿನ ಬಿಟ್ಟು ನೆಡಿ. ಟೊಮೆಟೊ, ಬದನೆ, ಮೆಣಸು ಮೂರೂ ಒಂದೇ ಕುಲ. ಅವುಗಳ ಹಿಂದೆ ಹುರುಳಿಕಾಯಿ ಅಥವಾ ಸೊಪ್ಪು ಹಾಕಿ. ಯಾವ ಬಕೆಟ್‌ನಲ್ಲಿ ಏನಿತ್ತು ಎಂದು ಬಕೆಟ್ ಮೇಲೆಯೇ ಮಾರ್ಕರ್‌ನಲ್ಲಿ ಬರೆದಿಡಿ, ಸುಣ್ಣ ಬಳಿದ ಮೇಲೆ.